ರಣನೀತಿಗೂ ರಣತಂತ್ರಕ್ಕೂ ನಡುವೆ ಮೂರನೆಯದೊಂದು ಏಕೆ ಬೇಕಾಯಿತು?

ಪ್ರಶ್ನೆ:
ಕಾಳಗದಲ್ಲಿ ಸೇನೆಯನ್ನು ಬಳಸುವುದು ರಣತಂತ್ರ, ಯುದ್ಧದ ಉದ್ದೇಶಕ್ಕಾಗಿ ಕಾಳಗಗಳನ್ನು ಬಳಸುವುದು ರಣನೀತಿ ಎಂದು ಪ್ರಷ್ಯಾದ ಸೇನಾಧಿಕಾರಿ, ಯುದ್ಧ ಚಿಂತಕ ಕ್ಲಾಸ್‌ವಿಟ್ಜ್ ವಿಂಗಡಿಸಿದ್ದಾನೆ. ಅವನು ತೀರಿಕೊಂಡ ಮರುವರ್ಷ, ಅಂದರೆ 1832ರಲ್ಲಿ, ಪ್ರಕಟವಾಗತೊಡಗಿದ ಗ್ರಂಥದಲ್ಲಿರುವ ಈ ವಿಂಗಡಣೆಯೇ ಎರಡನ್ನೂ ಬೆಸೆಯುತ್ತದೆ ಎಂದು ನನಗೆ ತೋರುತ್ತದೆ. ಹೀಗಿರುವಾಗ ಇಪ್ಪತ್ತನೆಯ ಶತಮಾನದ ಚಿಂತಕರು ಇವೆರಡರ ನಡುವೆ ‘ಕಾರ್ಯಾಚರಣಾ ಕಲೆ’ (ಹಲವು ಕಾಳಗಗಳನ್ನು ಒಂದು ಗುರಿಯತ್ತ ಹೆಣೆಯುವ ಕಲೆ) ಎಂಬ ಮೂರನೆಯದನ್ನು ಏಕೆ ತಂದರು? ಅದು ಹೊಸ ಹೆಸರು ಮಾತ್ರವೇ, ಇಲ್ಲವೇ ಹಳೆಯ ವಿಂಗಡಣೆಯಲ್ಲಿ ನಿಜವಾಗಿಯೂ ಏನಾದರೂ ಕೊರತೆಯಿತ್ತೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ:
ಕ್ಲಾಸ್‌ವಿಟ್ಜ್‌ನ ವಿಂಗಡಣೆಯಲ್ಲಿ ತಪ್ಪಿರಲಿಲ್ಲ. ಆದರೆ ಅವನು ಕಣ್ಣಾರೆ ಕಂಡಿದ್ದ ಕಾಳಗವೇ ಮುಂದೆ ಮರೆಯಾಯಿತು. 1806ರ ಅಕ್ಟೋಬರ್ 14ರಂದು ಯೇನಾ ಮತ್ತು ಔವರ್‌ಸ್ಟೆಟ್‌ಗಳಲ್ಲಿ ನೆಪೋಲಿಯನ್ನನ ಸೇನೆ ಪ್ರಷ್ಯಾದ ಸೇನೆಯನ್ನು ಒಂದೇ ದಿನದಲ್ಲಿ ಮುರಿಯಿತು. ಕೆಲವೇ ಕಿಲೋಮೀಟರುಗಳ ಬಯಲಿನಲ್ಲಿ, ಒಂದು ಹಗಲಿನಲ್ಲಿ, ಒಂದು ರಾಜ್ಯದ ಹಣೆಬರಹ ತೀರ್ಮಾನವಾಗುವುದಾದರೆ ರಣನೀತಿಯ ಕೆಲಸ ಸರಳ: ಸೇನೆಯನ್ನು ಸರಿಯಾದ ಹೊತ್ತಿಗೆ ಆ ಬಯಲಿಗೆ ತಲುಪಿಸುವುದು.

ರೈಲು, ತಂತಿ ಸಂದೇಶ, ಕಡ್ಡಾಯ ಸೈನ್ಯಸೇವೆ ಮತ್ತು ದೂರಗಾಮಿ ಬಂದೂಕುಗಳು ಸೇರಿ ಆ ಬಯಲನ್ನೇ ಅಳಿಸಿಹಾಕಿದವು. 1866ರಲ್ಲಿ ಆಸ್ಟ್ರಿಯಾದ ವಿರುದ್ಧ ಪ್ರಷ್ಯಾದ ಸೇನಾ ಮುಖ್ಯಸ್ಥ ಮೋಲ್ಟ್ಕೆ ಬೇರೆ ಬೇರೆ ರೈಲುಮಾರ್ಗಗಳಲ್ಲಿ ತಂದ ಸೇನೆಗಳನ್ನು ಕೋನಿಗ್‌ಗ್ರೆಟ್ಸ್‌ನಲ್ಲಿ ಕೂಡಿಸಿ ಗೆದ್ದಾಗ ಹಳೆಯ ಮಾದರಿ ಇನ್ನೂ ಉಸಿರಾಡುತ್ತಿತ್ತು. ರಷ್ಯಾ-ಜಪಾನ್ ಯುದ್ಧದಲ್ಲಿ, 1905ರ ಮುಕ್ಡೆನ್‌ನಲ್ಲಿ ಎರಡೂ ಕಡೆ ಸೇರಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಎರಡು ವಾರಕ್ಕೂ ಮಿಕ್ಕಿ ಹೋರಾಡಿದರು. ರಷ್ಯನ್ನರು ಸೋತು ಹಿಂದೆ ಸರಿದರು, ಆದರೆ ಅವರ ಸೇನೆ ನಾಶವಾಗಲಿಲ್ಲ. ಕಾಳಗ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂದು ಗೆರೆ ಎಳೆಯುವುದೇ ಕಷ್ಟವಾದ ಮೇಲೆ ‘ಕಾಳಗಗಳ ಬಳಕೆ’ ಎಂಬ ವ್ಯಾಖ್ಯೆ ಯಾವುದರ ಮೇಲೆ ನಿಲ್ಲಬೇಕು? ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ.

ಈ ಕೊರತೆ ಅತ್ಯಂತ ನಿಚ್ಚಳವಾಗಿ ಕಂಡದ್ದು ಮೊದಲ ಮಹಾಯುದ್ಧದಲ್ಲಿ, 1918ರ ಮಾರ್ಚ್ 21ರಂದು ಫ್ರಾನ್ಸ್‌ನಲ್ಲಿ ಆರಂಭವಾದ ಜರ್ಮನ್ ದಾಳಿಯಲ್ಲಿ. ದುರ್ಬಲ ಜಾಗಗಳಲ್ಲಿ ನುಸುಳಿ ಒಳನುಗ್ಗುವ ತುಕಡಿಗಳ ತಂತ್ರ ಅದ್ಭುತವಾಗಿತ್ತು. ವರ್ಷಗಟ್ಟಲೆ ಕದಲದಿದ್ದ ಮುಂಚೂಣಿಯಲ್ಲಿ ಅವು ಸುಮಾರು 60 ಕಿಲೋಮೀಟರು ಮುಂದೆ ಹೋದವು. ಆದರೂ ಬ್ರಿಟಿಷ್ ಸೇನೆಯ ಸರಬರಾಜಿಗೆ ಜೀವನಾಡಿಯಾಗಿದ್ದ ಅಮಿಯೆನ್ಸ್ ರೈಲು ಜಂಕ್ಷನ್ ಕೈಗೆ ಸಿಗಲಿಲ್ಲ. ದಾಳಿಯನ್ನು ನಡೆಸಿದ ಜರ್ಮನ್ ಸೇನಾನಿ ಲೂಡೆನ್‌ಡಾರ್ಫ್, ಪ್ರತಿರೋಧ ಎಲ್ಲಿ ಸಡಿಲವಾಯಿತೋ ಅತ್ತ ಪಡೆಗಳನ್ನು ತಿರುಗಿಸುತ್ತ ಹೋದನು. ಗೆದ್ದ ನೆಲ ಬೆಳೆಯಿತು, ಗೆಲುವಿನ ಗುರಿ ಕರಗಿತು.

ಎರಡನೆಯ ಉತ್ತರ:
ಮೇಲಿನ ಉತ್ತರ ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ. ಈ ಅನುಭವದಿಂದ ಸಿದ್ಧಾಂತ ಕಟ್ಟಿದವರು ಮುಖ್ಯವಾಗಿ ಸೋವಿಯತ್ ಚಿಂತಕರು. ‘ಕಾರ್ಯಾಚರಣಾ ಕಲೆ’ ಎಂಬ ಪದವನ್ನು 1920ರ ದಶಕದಲ್ಲಿ ಬಳಕೆಗೆ ತಂದ ಸ್ವೆಚಿನ್, ತಂತ್ರವು ಹೆಜ್ಜೆಗಳನ್ನು ಇಡುತ್ತದೆ, ಆ ಹೆಜ್ಜೆಗಳು ಕೂಡಿ ಕಾರ್ಯಾಚರಣೆಯ ಜಿಗಿತಗಳಾಗುತ್ತವೆ, ದಾರಿಯನ್ನು ತೋರುವುದು ರಣನೀತಿ ಎಂಬರ್ಥದಲ್ಲಿ ವಿವರಿಸಿದನು. ಇನ್ನೊಬ್ಬ ಸೋವಿಯತ್ ಚಿಂತಕ ಟ್ರಿಯಾಂಡಫಿಲ್ಲೋವ್ ಇದಕ್ಕೆ ಲೆಕ್ಕಾಚಾರದ ಬುನಾದಿ ಹಾಕಿದನು: ಎಷ್ಟು ಅಗಲದ ಮುಂಚೂಣಿಗೆ ಎಷ್ಟು ಫಿರಂಗಿ ಬೇಕು, ಸರಬರಾಜು ಬತ್ತುವ ಮುನ್ನ ಸೇನೆ ಎಷ್ಟು ಆಳಕ್ಕೆ ಹೋಗಬಲ್ಲದು ಎಂಬಂಥ ಪ್ರಶ್ನೆಗಳವು. ಇಷ್ಟು ಆಳವಾಗಿ ಯೋಚಿಸಿದ ಸ್ವೆಚಿನ್‌ನನ್ನು 1938ರಲ್ಲಿ, ಈ ಚಿಂತನೆಯನ್ನು ಬೆಳೆಸಿದ ಸೋವಿಯತ್ ಸೇನಾನಿ ತುಖಾಚೆವ್‌ಸ್ಕಿಯನ್ನು ಅದರ ಹಿಂದಿನ ವರ್ಷ, ಅವರದೇ ಸರ್ಕಾರ ಗುಂಡಿಟ್ಟು ಕೊಂದಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ವಿಚಾರ ರಣರಂಗದಲ್ಲಿ ಫಲಿಸಿದ್ದು ಸ್ಟಾಲಿನ್‌ಗ್ರಾಡ್‌ನಲ್ಲಿ. 1942ರ ನವೆಂಬರ್ 19ರಂದು ಆರಂಭವಾದ ‘ಯುರೇನಸ್’ ಎಂಬ ಸೋವಿಯತ್ ಕಾರ್ಯಾಚರಣೆ ನಗರದೊಳಗಿನ ಜರ್ಮನ್ನರ ಮೇಲೆ ನೇರವಾಗಿ ಬೀಳದೆ, ದೂರದ ಪಕ್ಕಗಳಲ್ಲಿದ್ದ ರುಮೇನಿಯನ್ ಸೇನೆಗಳನ್ನು ಭೇದಿಸಿತು. ನಾಲ್ಕು ದಿನ ಕಳೆದು 23ರಂದು ಎರಡು ದಿಕ್ಕಿನ ಪಡೆಗಳು ಕಲಾಚ್‌ನ ಬಳಿ ಸಂಧಿಸಿದವು. ಸುತ್ತುವರಿದವರನ್ನು ಬಿಡಿಸಲು ಜರ್ಮನ್ ಪಡೆ ಹೊರಟಾಗ, ಡಿಸೆಂಬರ್ 16ರಂದು ಇಟಾಲಿಯನ್ ಸೇನೆಯ ಮೇಲೆ ಮತ್ತೊಂದು ಹೊಡೆತ ಬಿದ್ದು ಆ ಪ್ರಯತ್ನದ ಬುಡವೇ ಅಲುಗಿತು. ಒಂದು ಹೊಡೆತ ತೆರೆದ ಅವಕಾಶವನ್ನು ಮತ್ತೊಂದು ಕಾಪಾಡುವ ಈ ಸರಣಿಯನ್ನು ತಂತ್ರದ ಕೈಪಿಡಿಯಿಂದಲೂ ದೇಶದ ಯುದ್ಧ ಗುರಿಯಿಂದಲೂ ನೇರವಾಗಿ ಪಡೆಯಲಾಗದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಆದರೆ ಕಾರ್ಯಾಚರಣೆ ಚೆನ್ನಾಗಿದ್ದರೆ ಸಾಕು ಎಂಬ ಭ್ರಮೆಗೂ ಇದು ದಾರಿಯಾಗುವುದಿಲ್ಲವೇ?

ಮೊದಲ ಉತ್ತರ ಬರೆದವರು:
ಖಂಡಿತ ಆಗುತ್ತದೆ. 1941ರ ಸೆಪ್ಟೆಂಬರ್‌ನಲ್ಲಿ ಕೀವ್‌ನ ಬಳಿ ಜರ್ಮನ್ನರು ನಡೆಸಿದ ಸುತ್ತುವರಿತವು ಲಕ್ಷಾಂತರ ಸೈನಿಕರನ್ನು ಸೆರೆಹಿಡಿದರೂ ಸೋವಿಯತ್ ದೇಶ ಶರಣಾಗಲಿಲ್ಲ, ಏಕೆಂದರೆ ಶತ್ರುವಿನ ಜನಬಲ ಮತ್ತು ಕೈಗಾರಿಕಾ ಬಲದ ಬಗ್ಗೆ ಜರ್ಮನ್ ನಾಯಕತ್ವದ ಅಂದಾಜೇ ತಪ್ಪಾಗಿತ್ತು. ಅಮೆರಿಕದ ಸೇನೆ ವಿಯೆಟ್ನಾಂ ಯುದ್ಧದ ನಂತರ, 1982ರ ತನ್ನ ಕೈಪಿಡಿಯಲ್ಲಿ, ಈ ನಡುವಿನದನ್ನು ಒಂದು ‘ಹಂತ’ವೆಂದು ಸೇರಿಸಿತು. ನನಗೆ ಆಕ್ಷೇಪವಿರುವುದು ಈ ‘ಹಂತ’ ಎಂಬ ಪದದ ಬಗ್ಗೆ. ಸ್ವೆಚಿನ್ ಹೇಳಿದ್ದು ಎರಡನ್ನು ಹೆಣೆಯುವ ಕಲೆಯನ್ನು. ಅದನ್ನು ಪ್ರತ್ಯೇಕ ಮಹಡಿಯಾಗಿ ಕಲ್ಪಿಸಿಕೊಂಡರೆ ಮೇಲಿರುವ ರಾಜಕೀಯ ನಾಯಕರು ಗುರಿಯನ್ನು ಹೇಳಿ ಕೈತೊಳೆದುಕೊಳ್ಳುವುದಕ್ಕೂ, ಸೇನಾನಿಗಳು ಆ ಗುರಿ ಸಾಧ್ಯವೇ ಎಂದು ಕೇಳದೆ ಮುಂದುವರಿಯುವುದಕ್ಕೂ ಅದು ನೆಪವಾಗುತ್ತದೆ.