ಅಂಬಾರಿ ಆನೆ, ಬಾಂಡ್ ಡೈರೆಕ್ಟರ್

ಚಿಕ್ಕಪ್ಪ, ಭಾವ, ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಗ್ರೂಪಲ್ಲಿ ನಡೀತಿರೋ ವಾದ ಪೂರ್ತಿ ಕೇಳಿದೆ. ಟೈಪ್ ಮಾಡಿ ಮುಗಿಸೋ ವಿಷಯ ಅಲ್ಲ ಇದು, ಅದಕ್ಕೇ ವಾಯ್ಸ್. ಉದ್ದ ಆಗುತ್ತೆ, ಊಟ ಮುಗಿಸ್ಕೊಂಡು ಕೇಳಿ.

ಈಗ ಸೇರ್ಕೊಂಡವರಿಗೆ ಹೇಳ್ಬಿಡ್ತೀನಿ. ಮುಂದಿನ ಜೇಮ್ಸ್ ಬಾಂಡ್ ಸಿನಿಮಾನ ಡೆನಿಸ್ ವಿಲೆನ್ಯೂವ್ ಮಾಡ್ತಾರೆ ಅಂತ 2025ರ ಜೂನ್‌ನಲ್ಲಿ ಅಮೆಜಾನ್‌ನವರು ಘೋಷಣೆ ಮಾಡಿದ್ರು. ಮಂಡ್ಯದಿಂದ ಚಿಕ್ಕಪ್ಪ ಹೇಳಿದ್ದು, ‘ಡ್ಯೂನ್‌ನಲ್ಲಿ ಎರಡೂವರೆ ಗಂಟೆ ಮರಳಲ್ಲಿ ನಡೆಸಿದ ಮನುಷ್ಯ, ಬಾಂಡ್‌ನೂ ಮಲಗಿಸ್ತಾನೆ’ ಅಂತ. ಭಾವ ಹೇಳಿದ್ದು, ‘ಓಪನ್‌ಹೈಮರ್ ಮಾಡಿದ ಕ್ರಿಸ್ಟೋಫರ್ ನೋಲನ್‌ಗೆ ಕೊಟ್ಟಿದ್ರೆ ಮುಗೀತಿತ್ತು’ ಅಂತ. ಪುಟ್ಟಿ ಕೇಳಿದ್ದು, ‘ಫೈಟ್ ಮಾಡ್ಸೋರು ಬೇರೆ, ಕಥೆ ಬರೆಯೋರು ಬೇರೆ, ದುಡ್ಡು ಹಾಕೋರು ಬೇರೆ, ಹಂಗಾದ್ರೆ ಡೈರೆಕ್ಟರ್ ಮಾಡೋದೇನು?’ ಅಂತ. ಪುಟ್ಟೀದೇ ಮೂಲ ಪ್ರಶ್ನೆ. ಅದು ತಿಳಿದ್ರೆ ಮಿಕ್ಕಿದ್ದೆರಡೂ ಸಲೀಸು.

ನೋಡು ಪುಟ್ಟಿ, ಬಾಂಡ್ ಶೂಟಿಂಗ್ ಅಂದ್ರೆ ಒಂದೇ ತಂಡ ಅಲ್ಲ. ಮೈನ್ ಯೂನಿಟ್ ಅಂತ ಒಂದಿರುತ್ತೆ. ಅಲ್ಲಿ ಡೈರೆಕ್ಟರ್, ಹೀರೊ, ಮಾತಿನ ಸೀನುಗಳು, ಹೆಚ್ಚಾಗಿ ಲಂಡನ್ ಪಕ್ಕದ ಪೈನ್‌ವುಡ್ ಸ್ಟುಡಿಯೋದಲ್ಲಿ. ಸೆಕೆಂಡ್ ಯೂನಿಟ್ ಅಂತ ಇನ್ನೊಂದು. ಅದಕ್ಕೆ ಅದರದ್ದೇ ಡೈರೆಕ್ಟರ್, ಅದರದ್ದೇ ಕ್ಯಾಮೆರಾ, ಸ್ಟಂಟ್‌ನವರು. ಹೀರೊ ಇಲ್ಲಿ ಡೈಲಾಗ್ ಹೇಳ್ತಿರೋ ಹೊತ್ತಿಗೇ ಬೇರೆ ದೇಶದಲ್ಲಿ ಕಾರು ಓಡಿಸ್ತಿರ್ತಾರೆ. ಡೇನಿಯಲ್ ಕ್ರೇಗ್ ಹೀರೊ ಆಗಿದ್ದ ಐದು ಬಾಂಡ್‌ಗಳಲ್ಲಿ ನಾಲ್ಕಕ್ಕೆ, ಅಂದ್ರೆ ಕ್ಯಾಸಿನೋ ರಾಯಲ್, ಸ್ಕೈಫಾಲ್, ಸ್ಪೆಕ್ಟರ್, ನೋ ಟೈಮ್ ಟು ಡೈ, ಈ ಸೆಕೆಂಡ್ ಯೂನಿಟ್ ನೋಡ್ಕೊಂಡಿದ್ದು ಒಬ್ಬರೇ, ಅಲೆಕ್ಸಾಂಡರ್ ವಿಟ್. ಮೈನ್ ಡೈರೆಕ್ಟರ್ ಮಾತ್ರ ಮೂರು ಜನ ಬದಲಾದ್ರು.

ಹಂಗಾದ್ರೆ ಡೈರೆಕ್ಟರ್ ಕೆಲಸ ಎಲ್ಲಿ ಕಾಣುತ್ತೆ? ಕ್ಯಾಸಿನೋ ರಾಯಲ್‌ನಲ್ಲಿ ಕಾರು ಪಲ್ಟಿ ಹೊಡೆಯುತ್ತಲ್ಲ, ಅದನ್ನ ತಗೊಳ್ಳಿ. ಅಸ್ಟನ್ ಮಾರ್ಟಿನ್ ಡಿಬಿಎಸ್ ನೆಲಕ್ಕೆ ಅಂಟಿಕೊಂಡಂಗೆ ಇರೋ ಕಾರು, ಭಾರ ಎಲ್ಲಾ ಕೆಳಗೆ. ಮೊದಲು ಇಳಿಜಾರು ಹಲಗೆ ಇಟ್ಟು ಹತ್ತಿಸಿ ನೋಡಿದ್ರು, ಮಗುಚಲೇ ಇಲ್ಲ. ಆಮೇಲೆ ಡ್ರೈವರ್ ಸೀಟಿನ ಹಿಂದೆ ನೈಟ್ರೋಜನ್ ಒತ್ತಡದ ಕ್ಯಾನನ್ ಕೂರಿಸಿದ್ರು. ಅದು ಒಂದು ಕಬ್ಬಿಣದ ತುಂಡನ್ನ ನೆಲಕ್ಕೆ ಹೊಡೆದ ತಕ್ಷಣ ಕಾರು ಎದ್ದು ಏಳು ಸುತ್ತು ಉರುಳಿತು, ಗಿನ್ನೆಸ್ ದಾಖಲೆಗೂ ಸೇರಿತು. ಇಷ್ಟೂ ಸ್ಟಂಟ್‌ನವರ ಕೈಚಳಕ. ಆದರೆ ರಸ್ತೆ ಮಧ್ಯೆ ಕೈಕಟ್ಟಿ ಮಲಗಿಸಿರೋದು ಬಾಂಡ್ ಪ್ರೀತಿಸೋ ವೆಸ್ಪರ್‌ನ, ಅವಳು ನಮ್ಮ ಕಣ್ಣಿಗೆ ಬೀಳೋದು ಕೊನೇ ಕ್ಷಣದಲ್ಲಿ, ಬಾಂಡ್‌ಗೆ ಸ್ಟೇರಿಂಗ್ ತಿರುಗಿಸೋದು ಬಿಟ್ಟು ಬೇರೆ ದಾರಿ ಇಲ್ಲ ಅನ್ನೋದು ನಮಗೆ ಹೊಟ್ಟೇಲಿ ಗೊತ್ತಾಗುತ್ತಲ್ಲ, ಅದು ಡೈರೆಕ್ಟರ್ ಮಾರ್ಟಿನ್ ಕ್ಯಾಂಪ್‌ಬೆಲ್ ಕೆಲಸ. ಏಳು ಸುತ್ತಿಗೆ ಅರ್ಥ ಕೊಟ್ಟವರು ಅವರು.

ಈಗ ಆಯ್ಕೆ ವಿಷಯಕ್ಕೆ ಬರ್ತೀನಿ. ನಮ್ಮ ದಸರಾ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. 750 ಕೆಜಿ ಅಂಬಾರಿನ ಯಾವ ಆನೆ ಮೇಲೂ ದಿಢೀರ್ ಅಂತ ಕೂರಿಸಲ್ಲ. ವಾರಗಟ್ಟಲೆ ಮುಂಚೆ ಮರಳು ಮೂಟೆ ಕಟ್ಟಿ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸ್ತಾರೆ, ಭಾರ ಏರಿಸ್ತಾ ಹೋಗ್ತಾರೆ, ಆಮೇಲೆ ಮರದ ಅಂಬಾರಿ, ಜೊತೆಗೆ ಕುಶಾಲತೋಪಿನ ಸದ್ದಿಗೆ ಬೆದರದಂಗೆ ತಾಲೀಮು. ಅರ್ಜುನ ಅಂಬಾರಿ ಹೊರೋಕೆ ಮುಂಚೆ ನಿಶಾನೆ ಆನೆ, ಅಂದ್ರೆ ಮೆರವಣಿಗೆ ಮುಂದೆ ಧ್ವಜ ಹೊತ್ತು ನಡೆಯೋ ಆನೆ ಆಗಿದ್ದ. ಅಭಿಮನ್ಯು 2020ರಿಂದ ಅಂಬಾರಿ ಹೊತ್ತಿದ್ದು, ಅದಕ್ಕೆ ಮುಂಚೆ ವರ್ಷಗಟ್ಟಲೆ ಬ್ಯಾಂಡ್ ಗಾಡಿ ಎಳೆದಿದ್ದ. ಮೆರವಣಿಗೆ ಒಳಗೇ ಪಳಗಿದ ಆನೆಗಳು.

ಬಾಂಡ್‌ನವರು ಹಿಂದೆ ಎಷ್ಟೋ ಸಲ ಮಾಡಿದ್ದೂ ಇದನ್ನೇ. 1969ರ ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್ ಮಾಡಿದ ಪೀಟರ್ ಹಂಟ್ ಅದಕ್ಕೆ ಮೊದಲು ಬಾಂಡ್ ಸಿನಿಮಾಗಳ ಎಡಿಟರ್. 1981ರಿಂದ 1989ರವರೆಗೆ ಸಾಲಾಗಿ ಐದು ಬಾಂಡ್ ಮಾಡಿದ ಜಾನ್ ಗ್ಲೆನ್ ಕೂಡ ಎಡಿಟರ್ ಮತ್ತು ಸೆಕೆಂಡ್ ಯೂನಿಟ್ ಡೈರೆಕ್ಟರ್ ಆಗಿದ್ದವರು. ದ ಸ್ಪೈ ಹೂ ಲವ್ಡ್ ಮಿ ಶುರೂಲಿ ಬಾಂಡ್ ಹಿಮದ ಮೇಲಿಂದ ಬೆಟ್ಟದಂಚು ಹಾರಿ ಪ್ಯಾರಾಚೂಟ್ ಬಿಚ್ಚುತ್ತಾನಲ್ಲ, ಕೆನಡಾದ ಬ್ಯಾಫಿನ್ ದ್ವೀಪದಲ್ಲಿ ಅದನ್ನ ತೆಗೆದಿದ್ದು ಗ್ಲೆನ್ ತಂಡ. ಚಿಕ್ಕಪ್ಪ, ನಿಮಗಿಷ್ಟದ ಉದಯಪುರದ ಆಕ್ಟೋಪಸಿ ಇದೆಯಲ್ಲ, ಅದೂ ಗ್ಲೆನ್ ಅವರದೇ.

1990ರ ದಶಕದಿಂದ ಪದ್ಧತಿ ಬದಲಾಯ್ತು. ಹೊರಗಿನಿಂದ ಹೆಸರು ಮಾಡಿದವರನ್ನ ತರೋಕೆ ಶುರು ಮಾಡಿದ್ರು. ಮೈಕಲ್ ಆಪ್ಟೆಡ್ ಸಾಕ್ಷ್ಯಚಿತ್ರದಿಂದ ಬಂದವರು, ಮಾರ್ಕ್ ಫಾರ್ಸ್ಟರ್ ಗಂಭೀರ ಡ್ರಾಮಾದಿಂದ, ಸ್ಯಾಮ್ ಮೆಂಡೆಸ್ ರಂಗಭೂಮಿಯಿಂದ. ಅಂಬಾರಿ ನೇರವಾಗಿ ಹೊಸ ಆನೆ ಮೇಲೆ. ಹಂಗಾಗಿ ಚಿಕ್ಕಪ್ಪನ ಭಯಕ್ಕೆ ಆಧಾರ ಇಲ್ಲ ಅಂತ ನಾನು ಹೇಳಲ್ಲ. ಭಯ ಪಡ್ತಿರೋ ಜಾಗ ತಪ್ಪು ಅಂತೀನಿ.

ಮೆಂಡೆಸ್ ಒಬ್ಬರನ್ನೇ ನೋಡಿ. 2012ರಲ್ಲಿ ಸ್ಕೈಫಾಲ್, 100 ಕೋಟಿ ಡಾಲರ್ ದಾಟಿದ ಮೊದಲ ಬಾಂಡ್. 2015ರಲ್ಲಿ ಅದೇ ಮನುಷ್ಯ, ಅದೇ ಹೀರೊ, ಅದೇ ಸೆಕೆಂಡ್ ಯೂನಿಟ್ ಇಟ್ಕೊಂಡು ಸ್ಪೆಕ್ಟರ್. ಎರಡನೇ ಅರ್ಧ ಕುಸಿಯುತ್ತೆ, ವಿಲನ್‌ಗೂ ಬಾಂಡ್‌ಗೂ ಬಾಲ್ಯದ ನಂಟು ತಂದು ಅಂಟಿಸಿದಂಗಿದೆ. ಏನಾಯ್ತು? ಸ್ಕೈಫಾಲ್ ಹೊತ್ತಲ್ಲಿ, ಬಾಂಡ್‌ಗೆ ದುಡ್ಡು ಹಾಕೋ ಎಂಜಿಎಂ ಕಂಪನಿ ಸಾಲದಲ್ಲಿ ಸಿಕ್ಕಾಕ್ಕೊಂಡು 2010ರಲ್ಲಿ ಕೆಲಸ ನಿಂತುಹೋಯ್ತು, ಅದೇ ವರ್ಷ ಕಂಪನಿ ದಿವಾಳಿ ಅರ್ಜೀನೂ ಹಾಕಿತು. ಎಲ್ಲಾರೂ ತಲೆಮೇಲೆ ಕೈ ಹೊತ್ಕೊಂಡ್ರು, ಆದ್ರೆ ಆ ಬಿಡುವಲ್ಲೇ ಕಥೆ ತಿದ್ದೋಕೆ ಸಮಯ ಸಿಕ್ತು. ಸ್ಪೆಕ್ಟರ್‌ಗೆ ಹಂಗಾಗ್ಲಿಲ್ಲ. ಶೂಟಿಂಗ್ 2014ರ ಡಿಸೆಂಬರ್‌ನಲ್ಲಿ ಶುರು, ಅದೇ ಸಮಯಕ್ಕೆ ಸಿನಿಮಾ ಹಂಚ್ತಿದ್ದ ಸೋನಿ ಕಂಪನಿಯಿಂದ ಸೋರಿಕೆಯಾದ ಮೇಲ್‌ಗಳಲ್ಲಿ ಕೊನೇ ಭಾಗ ಕೂತಿಲ್ಲ ಅಂತ ಅವರೇ ಒದ್ದಾಡ್ತಿರೋದು ಹೊರಗೆ ಬಂತು. ಡೈರೆಕ್ಟರ್ ಬದಲಾಗ್ಲಿಲ್ಲ, ಬದಲಾಗಿದ್ದು ಕಥೆಗೆ ಸಿಕ್ಕ ಕಾಲ.

ಕ್ವಾಂಟಮ್ ಆಫ್ ಸೊಲೇಸ್ ಇನ್ನೂ ಗಟ್ಟಿ ಉದಾಹರಣೆ. ‘ಡ್ರಾಮಾ ಡೈರೆಕ್ಟರ್ ತಂದ್ರು, ಕೆಡಿಸಿದ್ರು’ ಅಂತ ಎಲ್ಲಾರೂ ಫಾರ್ಸ್ಟರ್ ಮೇಲೆ ಹಾಕ್ತಾರೆ. ಆದ್ರೆ 2007ರ ನವೆಂಬರ್‌ನಿಂದ 2008ರ ಫೆಬ್ರವರಿವರೆಗೆ ಹಾಲಿವುಡ್ ಬರಹಗಾರರು ಮುಷ್ಕರ ಹೂಡಿದ್ರು. ಸ್ಕ್ರಿಪ್ಟ್ ಅರೆಬೆಂದಿತ್ತು. ಸೀನುಗಳನ್ನ ತಾನೂ ಡೈರೆಕ್ಟರ್ರೂ ಕೂತು ಬರೀಬೇಕಾಯ್ತು ಅಂತ ಕ್ರೇಗ್ ಅವರೇ ಹೇಳಿದ್ದಾರೆ. ಜೂನ್‌ನಲ್ಲಿ ಶೂಟಿಂಗ್ ಮುಗೀತು, ಅಕ್ಟೋಬರ್ ಕೊನೆಗೆ ಬ್ರಿಟನ್‌ನಲ್ಲಿ ಬಿಡುಗಡೆ. ನಾಲ್ಕೇ ತಿಂಗಳಲ್ಲಿ ಎಡಿಟಿಂಗ್, ಗ್ರಾಫಿಕ್ಸ್, ಸೌಂಡ್ ಎಲ್ಲಾ. ಮೊದಲ ಕಾರ್ ಚೇಸ್ ಹಾಕಿ ನೋಡಿ, ಬಾಂಡ್ ಕಾರು ಯಾವ್ದು, ಅಟ್ಟಿಸ್ಕೊಂಡು ಬರ್ತಿರೋದು ಯಾವ್ದು ಅಂತ ಕಣ್ಣು ಹಿಡಿಯೋಕಾಗಲ್ಲ, ಅಷ್ಟು ಕಟ್. 106 ನಿಮಿಷ, ಬಾಂಡ್‌ಗಳಲ್ಲೇ ಅತಿ ಚಿಕ್ಕದು, ಆದ್ರೂ ನೋಡೋಕೆ ಸುಸ್ತಾಗುತ್ತೆ. ಅಂದ್ರೆ ವೇಗ ಅಂತ ಕಟ್ ಜಾಸ್ತಿ ಮಾಡಿದ್ರೆ ಆಗಲ್ಲ ಚಿಕ್ಕಪ್ಪ. ಯಾರು ಎಲ್ಲಿದ್ದಾರೆ, ಯಾವ ಕಡೆಯಿಂದ ಅಪಾಯ ಬರ್ತಿದೆ ಅನ್ನೋದು ನೋಡೋರಿಗೆ ಗೊತ್ತಿದ್ರೆ ಮಾತ್ರ ಎದೆ ಹೊಡ್ಕೊಳ್ಳುತ್ತೆ.

ಅದರಲ್ಲೇ ವಿಲೆನ್ಯೂವ್ ಎತ್ತಿದ ಕೈ. ಡ್ಯೂನ್ ಬಿಡಿ, 2015ರ ಸಿಕಾರಿಯೋದಲ್ಲಿ ಗಡಿ ಸೇತುವೆ ಸೀನ್ ಇದೆ, ಅದೊಂದು ನೋಡಿ. ಮೆಕ್ಸಿಕೋದಿಂದ ಒಬ್ಬ ಕೈದೀನ ಕರ್ಕೊಂಡು ಬರೋ ವಾಹನಗಳ ಸಾಲು ಅಮೆರಿಕ ಗಡಿ ಹತ್ರ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಳ್ಳುತ್ತೆ. ಯಾವ ಕಾರೂ ಅಲ್ಲಾಡಲ್ಲ. ಪಕ್ಕದ ಸಾಲಿನ ಕಾರಲ್ಲಿ ಬಂದೂಕು ಹಿಡಿದವರು ಇದ್ದಾರೆ ಅಂತ ಒಂದೊಂದಾಗಿ ತಿಳಿಯುತ್ತಾ ಹೋಗುತ್ತೆ. ಯಾವ ಕಾರು ಎಡಕ್ಕೆ, ಯಾವುದು ಮುಂದೆ, ಬಾಗಿಲು ಯಾವ ಕಡೆ ತೆಗೆಯುತ್ತೆ, ಎಲ್ಲಾ ಮೊದಲೇ ತೋರಿಸಿರ್ತಾರೆ. ಗುಂಡು ಹಾರೋದು ಕೆಲವೇ ಸೆಕೆಂಡು, ಅಷ್ಟೊತ್ತಿಗೆ ನಾವು ಸೀಟಿನ ತುದೀಲಿ ಇರ್ತೀವಿ. ಕ್ಯಾಮೆರಾ ರೋಜರ್ ಡೀಕಿನ್ಸ್, ಸ್ಕೈಫಾಲ್ ಶೂಟ್ ಮಾಡಿದವರೇ. ಎಡಿಟರ್ ಜೋ ವಾಕರ್, ಆಮೇಲೆ ಡ್ಯೂನ್‌ಗೆ ಆಸ್ಕರ್ ತಗೊಂಡವರು.

ಇನ್ನು ‘ಉದ್ದ ಎಳೀತಾರೆ’ ಅನ್ನೋ ಮಾತು. ವಿಲೆನ್ಯೂವ್ ಅವರ ಬ್ಲೇಡ್ ರನ್ನರ್ 2049 ಇರೋದು 163 ನಿಮಿಷ. ಹಿಂದಿನ ಬಾಂಡ್ ನೋ ಟೈಮ್ ಟು ಡೈ ಎಷ್ಟು ಗೊತ್ತಾ? ಅದೂ 163 ನಿಮಿಷ. ಉದ್ದ ಬಾಂಡ್‌ಗೆ ಆಗಲೇ ಬಂದಾಗಿದೆ. ಆದರೆ ಒಂದನ್ನ ಒಪ್ಕೋತೀನಿ. ಬ್ಲೇಡ್ ರನ್ನರ್‌ಗೆ 15 ಕೋಟಿ ಡಾಲರ್‌ಗೂ ಮೇಲೆ ಸುರಿದ್ರು, ಪ್ರಪಂಚದಾದ್ಯಂತ ಬಂದಿದ್ದು 26–27 ಕೋಟಿ. ಟಿಕೆಟ್ ದುಡ್ಡಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರ್‌ನವರಿಗೇ ಹೋಗುತ್ತೆ, ಅದರ ಮೇಲೆ ಪ್ರಚಾರದ ಖರ್ಚು. ಹಾಕಿದ್ದರ ಎರಡರಷ್ಟು ದಾಟಿದ್ರೂ ಕೈಗೆ ಬರೋದು ಅನುಮಾನ. ಈ ಪೆಟ್ಟು ನಿಜ. ಡ್ಯೂನ್ ಎರಡು ಭಾಗ ಗೆದ್ದ ಮೇಲೇ ಬಾಂಡ್ ಬಾಗಿಲು ತೆರೆದಿರೋದು.

‘ಮೆದು ಸಿನಿಮಾ ಮಾಡೋರಿಗೆ ಬಾಂಡ್ ಆಗಲ್ಲ’ ಅನ್ನೋರು ನಮ್ಮ ಮನೆಯದ್ದೇ ನೆನಪು ಮಾಡ್ಕೊಳ್ಳಿ. 1968ರಲ್ಲಿ ಜೇಡರ ಬಲೆ, ಅದೇ ವರ್ಷ ಗೋವಾದಲ್ಲಿ ಸಿಐಡಿ 999, 1969ರಲ್ಲಿ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999, 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ನಾಲ್ಕೂ ಬಾಂಡ್ ಥರದ ಸಿನಿಮಾ, ನಾಲ್ಕಕ್ಕೂ ಡಾ. ರಾಜ್‌ಕುಮಾರ್, ನಾಲ್ಕಕ್ಕೂ ನಿರ್ದೇಶಕರು ದೊರೈ-ಭಗವಾನ್. ಅದೇ ಜೋಡಿ ನಡುವೆ 1971ರಲ್ಲಿ ಕಸ್ತೂರಿ ನಿವಾಸ ಮಾಡಿದ್ರು, 1974ರಲ್ಲಿ ಎರಡು ಕನಸು ಮಾಡಿದ್ರು. ಪಾರಿವಾಳ ಕೈಲಿ ಹಿಡಿದ ರಾಜ್‌ಕುಮಾರ್‌ನೂ ಪಿಸ್ತೂಲು ಹಿಡಿದ ರಾಜ್‌ಕುಮಾರ್‌ನೂ ತೋರಿಸಿದ್ದು ಒಂದೇ ಜೋಡಿ ಕಣ್ಣು. ದೊರೈ ಕ್ಯಾಮೆರಾ ಕಡೆಯಿಂದ ಬಂದವರು, ಭಗವಾನ್ ಕಥೆ ಕಡೆಗೆ ಗಟ್ಟಿ. ಕೆಲಸ ಹಂಚ್ಕೊಂಡ ರೀತೀಲೇ ಅವರ ಗೆಲುವು ಇತ್ತು. ನನಗಂತೂ ಈ ಮಾತು ಹೇಳೋವಾಗ ಹೆಮ್ಮೆ ಆಗುತ್ತೆ.

ಭಾವ, ನೋಲನ್ ವಿಷಯ. ಅವರ ಸಿನಿಮಾ ಬಗ್ಗೆ ನನಗೂ ಅಷ್ಟೇ ಗೌರವ. ಆದ್ರೆ ಕೆಲಸದ ಕ್ರಮ ನೋಡಿ. ನೋಲನ್ ಸೆಕೆಂಡ್ ಯೂನಿಟ್ ಇಟ್ಕೊಳ್ಳದೆ ಪ್ರತಿ ಶಾಟ್ ತಾವೇ ನಿಂತು ತೆಗೆಯೋದಕ್ಕೆ ಹೆಸರಾದವರು. ಪತ್ನಿ ಎಮ್ಮಾ ಥಾಮಸ್ ನಿರ್ಮಾಪಕಿ, ಸ್ವಂತ ಕಂಪನಿ, ಕಥೇನೂ ತಮ್ಮ ಕೈಲೇ. ಬಾಂಡ್ ನಿಂತಿರೋದೇ ಸೆಕೆಂಡ್ ಯೂನಿಟ್ ಮೇಲೆ, ಸಾಲದ್ದಕ್ಕೆ ಮಾಲೀಕರು ಬೇರೆ. ಒಂದೋ ಬಾಂಡ್ ಮನೆ ಪದ್ಧತಿ ಪೂರ್ತಿ ಬದಲಾಗ್ಬೇಕು, ಇಲ್ಲ ನೋಲನ್ ಬದಲಾಗ್ಬೇಕು. ಎರಡೂ ಕಷ್ಟ.

ಮಾಲೀಕರು ಅಂದ್ನಲ್ಲ, ಈ ಸಲ ನಿಜವಾಗಿ ಹೊಸದು ಅದೇ. 1962ರಿಂದ ಬಾಂಡ್ ನಿರ್ಮಾಪಕರಾದ ಬ್ರಾಕೊಲಿ ಕುಟುಂಬದ ಕೈಲಿದ್ದ ನಿರ್ಧಾರ 2025ರ ಫೆಬ್ರವರಿಯಲ್ಲಿ ಅಮೆಜಾನ್ ಎಂಜಿಎಂಗೆ ಹೋಯ್ತು. ನಿರ್ಮಾಪಕರು ಏಮಿ ಪ್ಯಾಸ್ಕಲ್, ಡೇವಿಡ್ ಹೇಮನ್. ಹೇಮನ್ ಎಂಟೂ ಹ್ಯಾರಿ ಪಾಟರ್ ಸಿನಿಮಾಗಳ ನಿರ್ಮಾಪಕರು, ನಾಲ್ಕು ಜನ ಡೈರೆಕ್ಟರ್‌ಗಳ ಜೊತೆ ದಡ ಮುಟ್ಟಿಸಿದವರು. ಮೂರನೇದಕ್ಕೆ ಆಲ್ಫಾನ್ಸೊ ಕ್ವಾರೋನ್ ಬಂದ್ರು, ದೊಡ್ಡವರ ಸಿನಿಮಾ ಮಾಡಿ ಹೆಸರಾಗಿದ್ದವರು. ಆ ಎಂಟರಲ್ಲಿ ಅತಿ ಕಡಿಮೆ ದುಡ್ಡು ಮಾಡಿದ್ದು ಅದೇ, ಅತಿ ಚೆನ್ನಾಗಿದೆ ಅಂತ ಬಹಳ ಜನ ಎತ್ತಿ ಹೇಳೋದೂ ಅದನ್ನೇ. ಹೇಮನ್ ಇದ್ದಾರೆ ಅನ್ನೋದು ನನಗೆ ದೊಡ್ಡ ಧೈರ್ಯ.

ಯಾಕಂದ್ರೆ ಡೈರೆಕ್ಟರ್‌ಗೂ ನಿರ್ಮಾಪಕರಿಗೂ ಎಂಥಾ ಸಿನಿಮಾ ಅನ್ನೋದ್ರಲ್ಲೇ ಒಮ್ಮತ ಇಲ್ಲದಿದ್ರೆ ಏನಾಗುತ್ತೆ ಅಂತ ಸ್ಟಾರ್ ವಾರ್ಸ್‌ನವರು ‘ಸೋಲೋ’ ಅನ್ನೋ ಸಿನಿಮಾದಲ್ಲಿ ನೋಡಿದ್ದಾರೆ. ಲಾರ್ಡ್, ಮಿಲ್ಲರ್ ಅಂತ ಇಬ್ಬರು ಡೈರೆಕ್ಟರ್‌ಗಳು, ಸೆಟ್‌ನಲ್ಲಿ ಮಾತು ಬೆಳೆಸಿ ಹಾಸ್ಯ ಹುಟ್ಟಿಸೋರು. ನಿರ್ಮಾಪಕರಿಗೆ ಸ್ಕ್ರಿಪ್ಟ್‌ನಲ್ಲಿರೋದೇ ಬೇಕು. 2017ರ ಜೂನ್‌ನಲ್ಲಿ, ಶೂಟಿಂಗ್ ಕೊನೇ ಹಂತದಲ್ಲಿ, ಇಬ್ಬರನ್ನೂ ತೆಗೆದ್ರು. ಆಗ ಸೆಟ್‌ನಲ್ಲೇ ಇರೋ ಒಬ್ಬರನ್ನ ಆ ಕುರ್ಚೀಲಿ ಕೂರಿಸೋಕೂ ಆಗಲ್ಲ, ಅಮೆರಿಕದ ನಿರ್ದೇಶಕರ ಸಂಘದ ನಿಯಮ ಅದನ್ನ ತಡೆಯುತ್ತೆ. ಹೊರಗಿನಿಂದ ರಾನ್ ಹೋವರ್ಡ್ ಬಂದು ಬಹುಪಾಲು ಮತ್ತೆ ಶೂಟ್ ಮಾಡಿದ್ರು. ಖರ್ಚು 25 ಕೋಟಿ ಡಾಲರ್ ದಾಟಿತು, ಬಂದಿದ್ದು 40 ಕೋಟಿಗೂ ಕಡಿಮೆ. ಬಾಂಡ್‌ನಲ್ಲೂ 2018ರ ಆಗಸ್ಟ್‌ನಲ್ಲಿ, ನೋ ಟೈಮ್ ಟು ಡೈ ಮಾಡ್ಬೇಕಿದ್ದ ಡೈರೆಕ್ಟರ್ ಡ್ಯಾನಿ ಬಾಯ್ಲ್ ಬಿಟ್ಟು ಹೋದ್ರು, ಅವರ ಸ್ಕ್ರಿಪ್ಟೂ ಹೋಯ್ತು. ಆದ್ರೆ ಕ್ಯಾಮೆರಾ ಉರುಳೋಕೆ ಮುಂಚೆ ಹೋದ್ರು, ಅಷ್ಟಕ್ಕೇ ನಷ್ಟ ನಿಂತಿತು.

ಅದಕ್ಕೇ ಹೇಳೋದು, ಟೀಸರ್‌ಗೆ ಕಾಯಬೇಡಿ, ಈ ಸುದ್ದಿಗಳಿಗೆ ಕಾಯಿರಿ. ಸೆಕೆಂಡ್ ಯೂನಿಟ್‌ಗೆ ಯಾರು? ಎಡಿಟಿಂಗ್‌ಗೆ ಜೋ ವಾಕರ್ ಬರ್ತಾರಾ? ಸ್ಕ್ರಿಪ್ಟ್ ಸ್ಟೀವನ್ ನೈಟ್ ಕೈಲಿದೆ, ಇಡೀ ಸಿನಿಮಾ ಒಬ್ಬನನ್ನ ಕಾರಲ್ಲೇ ಕೂರಿಸಿ ಫೋನ್ ಮಾತಲ್ಲೇ ನಡೆಸಿದವರು ಅವರು. ಆ ಕೈ ಬರೆದಿದ್ದನ್ನ ತಿದ್ದೋಕೆ ಆರೇಳು ಜನ ಹೊಸಬರು ಬಂದ್ರು ಅಂತ ಕೇಳಿದ್ರೆ ಆಗ ನಾನೂ ಚಿಕ್ಕಪ್ಪನ ಪಕ್ಕ ಬಂದು ಕೂತ್ಕೋತೀನಿ. ಸ್ಕ್ರಿಪ್ಟ್ ಮುಗಿಯೋಕೆ ಮುಂಚೆ ಬಿಡುಗಡೆ ದಿನಾಂಕ ಗಟ್ಟಿ ಮಾಡಿದ್ರೂ ಅಷ್ಟೇ.

ಚಿಕ್ಕಪ್ಪ, ಭಾನುವಾರ ಸಿಕಾರಿಯೋ ಹಾಕಿದ್ರೆ ಮಕ್ಕಳನ್ನ ಮಲಗಿಸಿದ ಮೇಲೆ ಹಾಕಿ, ಶುರೂಲೇ ಗೋಡೆ ಒಳಗೆ ಹೆಣಗಳಿವೆ. ಸೇತುವೆ ಸೀನ್ ಎರಡು ಸಲ ನೋಡಿ. ಎರಡನೇ ಸಲ ಸೌಂಡ್ ಪೂರ್ತಿ ಕಮ್ಮಿ ಮಾಡಿ ನೋಡಿ. ಆಗಲೂ ಯಾರು ಯಾವ ಕಾರಲ್ಲಿದ್ದಾರೆ ಅಂತ ಗೊತ್ತಾಗುತ್ತಾ ಇಲ್ವಾ ಅಂತ ಗ್ರೂಪಲ್ಲಿ ಹಾಕಿ, ಅಲ್ಲಿಂದ ಮುಂದಕ್ಕೆ ಮಾತಾಡೋಣ.