ಪಂಪ್ ಆಕ್ಷನ್ ಕೋವಿಯ ಭಾರ ಇಳಿಸುವುದು ಹೇಗೆ?

ಹೆಗಲುನೋವು:
ನನ್ನದು ರೆಮಿಂಗ್ಟನ್ 870, ಮುಂದಿನ ಹಿಡಿ ಹಿಂದೆ-ಮುಂದೆ ಎಳೆದು ತೋಟಾ ಏರಿಸುವ ಪಂಪ್ ಆಕ್ಷನ್ ಕೋವಿ, 12 ಬೋರ್, ಸೆಕೆಂಡ್ ಹ್ಯಾಂಡ್. ಉಕ್ಕಿನ ರಿಸೀವರ್ (ಯಂತ್ರಭಾಗ ಕೂರುವ ನಡುವಿನ ಪೆಟ್ಟಿಗೆ), 28 ಇಂಚಿನ ನಳಿಗೆ, ಮರದ ಸ್ಟಾಕ್ (ಭುಜಕ್ಕೆ ಆನಿಸುವ ಹಿಂಭಾಗ). ಹಿಂದಿನವರು ಮುಂದೆ ಮ್ಯಾಗಜೀನ್ ಎಕ್ಸ್‌ಟೆನ್ಶನ್ (ನಳಿಗೆಯ ಕೆಳಗಿನ ತೋಟಾ ಕೊಳವೆಯನ್ನು ಉದ್ದ ಮಾಡುವ ತುಂಡು), ಪಕ್ಕದಲ್ಲಿ ಆರು ತೋಟಾ ಸಿಕ್ಕಿಸುವ ಹೋಲ್ಡರ್, ಜೊತೆಗೊಂದು ಟಾರ್ಚ್ ಹಾಕಿಸಿದ್ದಾರೆ. ಎಲ್ಲ ತುಂಬಿ ತೂಗಿದರೆ 4.7 ಕೆಜಿ! ಹೊಡೆಯುವಾಗ ತೊಂದರೆಯಿಲ್ಲ, ಹೊತ್ತು ನಡೆಯುವುದೇ ಕಷ್ಟ. ಮಧ್ಯಾಹ್ನದ ಹೊತ್ತಿಗೆ ಎಡಗೈ ಸೋತು ಹೋಗುತ್ತದೆ. ಸಿಂಥೆಟಿಕ್ ಸ್ಟಾಕ್ ಹಾಕಿಸಿದರೆ ಸಾಕಾ, ಇಲ್ಲ ಕೋವಿಯನ್ನೇ ಬದಲಾಯಿಸಬೇಕಾ?

ಹಳೇಚರೆ:
ಸುಮ್ನೆ ದುಡ್ಡು ಹಾಕಬೇಡಿ ಸಾರ್. ಮೊದಲು ಜೋಡಿಸಿದ್ದನ್ನೆಲ್ಲ ಬಿಚ್ಚಿ.

32 ಗ್ರಾಂ ಚರೆಯ ತೋಟಾ ಒಂದಕ್ಕೆ ಸುಮಾರು 45 ಗ್ರಾಂ ತೂಕ. ಹೋಲ್ಡರಿನ ಆರು ತೋಟಾ ಅಂದರೆ ಕಾಲು ಕೆಜಿಗೂ ಜಾಸ್ತಿ. ಅವು ಸೊಂಟದ ಬೆಲ್ಟಿನಲ್ಲಿ ಇರಲಿ, ಅಲ್ಲಿ ಭಾರವೇ ಗೊತ್ತಾಗುವುದಿಲ್ಲ. ಎಕ್ಸ್‌ಟೆನ್ಶನ್ನೂ ಟಾರ್ಚೂ ಮುಂತುದಿಯಲ್ಲಿವೆ. ಎಡಗೈ ಸೋಲುವುದು ಅದಕ್ಕೇ. ಆದರೆ ಎಕ್ಸ್‌ಟೆನ್ಶನ್ ತೆಗೆದರೆ ಒಳಗಿನ ಉದ್ದದ ಸ್ಪ್ರಿಂಗನ್ನೂ ಬದಲಾಯಿಸಿ ಮೊದಲಿನ ಗಿಡ್ಡ ಸ್ಪ್ರಿಂಗ್, ಕೊಳವೆಯ ತುದಿಗೆ ಮೊದಲಿನ ಕ್ಯಾಪ್ ಹಾಕಬೇಕು. ಉದ್ದದ್ದನ್ನೇ ತುರುಕಿದರೆ ತೋಟಾ ಪೂರ್ತಿ ತುಂಬುವುದಿಲ್ಲ.

ಸಿಂಥೆಟಿಕ್ ಅಂದ ಮಾತ್ರಕ್ಕೆ ಹಗುರ ಅಂತೇನಿಲ್ಲ, ತೂಗಿಸಿಯೇ ಕೊಳ್ಳಿ. ಕಂಪನಿಯದೇ ಗಿಡ್ಡ ನಳಿಗೆ ಸಿಕ್ಕರೆ ಹಾಕಬಹುದು, ಕ್ಯಾಪ್ ಬಿಚ್ಚಿದರೆ ನಳಿಗೆ ಕೈಗೆ ಬರುತ್ತದೆ. ಇರುವ ನಳಿಗೆ ಕತ್ತರಿಸುವ ಯೋಚನೆ ಮಾತ್ರ ಬೇಡ. ಚರೆ ಹರಡದಂತೆ ನಳಿಗೆಯನ್ನು ಕಿರಿದು ಮಾಡುವ ಚೋಕ್ ಇರುವುದು ತುದಿಯಲ್ಲಿ, ಅದೇ ಹೋಗುತ್ತದೆ. ಉದ್ದಕ್ಕೆ ಕಾನೂನಿನ ಮಿತಿ ಬೇರೆ.

ಪಟ್ಟಿವಾಲಾ:
ಹೆಗಲಿಗೆ ನೇತುಹಾಕಲು ಅಗಲ ಪಟ್ಟಿಯ ಸ್ಲಿಂಗ್ ಹಾಕಿ. ತೆಳು ಪಟ್ಟಿಯಾದರೆ ಹಗುರದ ಕೋವಿಯೂ ಹೆಗಲು ಕೊಯ್ಯುತ್ತದೆ.

ಹಗುರಪ್ರಿಯ:
ನಾನಾಗಿದ್ದರೆ ಮಾಸ್‌ಬರ್ಗ್ 500 ನೋಡುತ್ತಿದ್ದೆ, ಅದರ ರಿಸೀವರ್ ಅಲ್ಯೂಮಿನಿಯಂ. ಇಲ್ಲವಾದರೆ 20 ಬೋರ್, ಅದರ ನಳಿಗೆಯ ತೂತು 12ಕ್ಕಿಂತ ಸಣ್ಣದು.

ಹಳೇಚರೆ:
ಸರಿ, ಆದರೆ ಹೊಡೆದಾಗ ಕೋವಿ ಭುಜಕ್ಕೆ ಕೊಡುವ ಒದೆತದ ಲೆಕ್ಕವನ್ನೂ ಹೇಳಿಬಿಡಿ. ಅದೇ ತೋಟಾ ಹೊಡೆದರೆ 3.6 ಕೆಜಿ ಕೋವಿಗಿಂತ 3 ಕೆಜಿ ಕೋವಿಯ ಒದೆತದ ಶಕ್ತಿ 20% ಜಾಸ್ತಿ. ಹಾರುವ ಹಕ್ಕಿಗೆ ತೀರಾ ಹಗುರದ ನಳಿಗೆಯೂ ಒಳ್ಳೆಯದಲ್ಲ, ತಿರುಗಿಸುವಾಗ ಮಧ್ಯದಲ್ಲೇ ನಿಂತುಬಿಡುತ್ತದೆ.

ಹೆಗಲುನೋವು:
ತೋಟಾ ತೆಗೆದು, ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಬೆರಳು ಹಾಕಿ ಖಾಲಿ ಅಂತ ನೋಡಿಕೊಂಡೇ ಬಿಚ್ಚಿದೆ. ಸ್ಟಾಕಿನ ಹಿಂದಿನ ರಬ್ಬರ್ ಪ್ಯಾಡ್ ತೆಗೆದರೆ ಒಳಗೊಂದು ಲೋಹದ ಸಿಲಿಂಡರ್! 310 ಗ್ರಾಂ ಇದೆ. ಅಲ್ಲಾಡಿಸಿದರೆ ಒಳಗೆ ಏನೋ ಹರಿಯುತ್ತದೆ. ಏನಿದು?

ಹಳೇಚರೆ:
ಒದೆತ ಕಮ್ಮಿ ಮಾಡಲು ಹಾಕಿಸಿದ್ದು. ಹರಿಯುತ್ತಿರುವುದು ಪಾದರಸ ಇರಬೇಕು, ಕೊರೆಯುವುದು, ಬಿಸಿ ಮಾಡುವುದು ಮಾಡಬೇಡಿ. ಅದನ್ನು ತೆಗೆದಿಟ್ಟು, ಮುಂದಿನ ಭಾರ ಹಾಗೇ ಬಿಟ್ಟರೆ ಕೋವಿ ಇನ್ನೂ ಮುಂದಕ್ಕೆ ವಾಲುತ್ತದೆ. ಹಾಗಾಗಿ ಮೊದಲು ಎಕ್ಸ್‌ಟೆನ್ಶನ್, ಟಾರ್ಚ್ ತೆಗೆದು ಸ್ವಲ್ಪ ದಿನ ಹೊತ್ತು ನೋಡಿ. ಆಮೇಲೆ ಸಿಲಿಂಡರ್ ಬೇಕೋ ಬೇಡವೋ ಅಂತ ನಿಮ್ಮ ಭುಜವನ್ನೇ ಕೇಳಿ.