ಸ್ಕಾಲರ್‌ಶಿಪ್ ಮಂಜೂರಾಗಿದೆ, ಹಣ ಮಾತ್ರ ಖಾತೆಗೆ ಬಂದಿಲ್ಲ - ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಬಿಕಾಂ_ಎರಡನೇ_ವರ್ಷ:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಪೋಸ್ಟ್ ಮೆಟ್ರಿಕ್, ಅಂದರೆ ಎಸ್ಸೆಸ್ಸೆಲ್ಸಿ ನಂತರದ ಓದಿನ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೆ. ಲಾಗಿನ್ ಆಗಿ ನೋಡಿದರೆ ಮಂಜೂರಾಗಿದೆ, ಹಣ ಕಳಿಸಲಾಗಿದೆ ಎಂದೇ ತೋರಿಸುತ್ತಿದೆ. ಪಾಸ್‌ಬುಕ್ ಎಂಟ್ರಿ ಮೂರು ಸಲ ಹಾಕಿಸಿದೆ, ಏನೂ ಇಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಆಧಾರ್ ಲಿಂಕ್ ಆಗಿದೆಯಮ್ಮಾ, ಇಲಾಖೆಯಲ್ಲಿ ಕೇಳು" ಎನ್ನುತ್ತಾರೆ. ಕಾಲೇಜಿನಲ್ಲಿ ಕೇಳಿದರೆ "ಬ್ಯಾಂಕಿನಲ್ಲಿ ಕೇಳು". ನನ್ನ ಕ್ಲಾಸಿನವರಿಗೆಲ್ಲ ಬಂದು ಎಷ್ಟೋ ದಿನ ಆಯಿತು. ಈ ವರ್ಷದ ಅರ್ಜಿ ಬೇರೆ ಹಾಕಬೇಕು. ಅದೇ ಖಾತೆ ಕೊಟ್ಟರೆ ಮತ್ತೆ ಹೀಗೇ ಆಗುತ್ತದಾ? ದಯವಿಟ್ಟು ಹೇಳಿ.

ಹಾಸ್ಟೆಲ್_ರೂಂ_ಹದಿನಾಲ್ಕು:
ಅಕೌಂಟ್ ನಂಬರ್ ತಪ್ಪು ಕೊಟ್ಟಿರಬೇಕು ನೋಡಿ. ನಮ್ಮ ರೂಂಮೇಟ್‌ಗೂ ಹೀಗೇ ಆಗಿತ್ತು.

ಡೆಸ್ಕ್_ಮೇಷ್ಟ್ರು:
ಅಕೌಂಟ್ ನಂಬರ್ ಅಲ್ಲ ಮಾರಾಯರೇ. ನಾನು ಕಾಲೇಜೊಂದರ ಸ್ಕಾಲರ್‌ಶಿಪ್ ಡೆಸ್ಕಿನಲ್ಲಿ ಕೂತವನು. ಈ ಪ್ರಶ್ನೆ ಹೊತ್ತುಕೊಂಡು ಬಂದ ಹತ್ತು ಮಕ್ಕಳಲ್ಲಿ ಎಂಟು ಜನ ಸಿಕ್ಕಿಹಾಕಿಕೊಂಡಿದ್ದು ಒಂದೇ ಕಡೆ.

ಈ ಹಣ ಅಕೌಂಟ್ ನಂಬರ್ ನೋಡಿಕೊಂಡು ಬರುವುದಿಲ್ಲ, ಆಧಾರ್ ನಂಬರ್ ನೋಡಿಕೊಂಡು ಬರುತ್ತದೆ. ನಿಮ್ಮ ಆಧಾರ್‌ಗೆ ಯಾವ ಬ್ಯಾಂಕ್ ಎನ್ನುವ ಪಟ್ಟಿ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಹತ್ತಿರ ಇರುತ್ತದೆ. ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕ್, ಅದೂ ಕೊನೆಗೆ ಸೀಡ್ ಆದದ್ದು, ಅಂದರೆ ಕೊನೆಗೆ ಪಟ್ಟಿಗೆ ಸೇರಿದ್ದು. ನಾಲ್ಕು ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದರೆ ನಾಲ್ಕರಲ್ಲೂ "ಲಿಂಕ್" ಆಗಿರುತ್ತದೆ, ಕೌಂಟರಿನವರು ಹೇಳಿದ್ದು ಸುಳ್ಳಲ್ಲ, ಆದರೆ "ಸೀಡ್" ಆಗಿರುವುದು ಒಂದೇ ಕಡೆ. ಹಣ ಹೋಗುವುದು ಅಲ್ಲಿಗೆ.

ಈಗ ಹೀಗೆ ಮಾಡಿ. ಮೈಆಧಾರ್ ಪೋರ್ಟಲ್‌ಗೆ ಹೋಗಿ, ಆಧಾರ್ ನಂಬರ್, ಓಟಿಪಿ ಹಾಕಿ ಒಳಗೆ ಬನ್ನಿ. "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಎಂದು ಇರುತ್ತದೆ, ಒತ್ತಿ. ಖಾತೆ ನಂಬರ್ ತೋರಿಸುವುದಿಲ್ಲ. ಬ್ಯಾಂಕ್ ಹೆಸರು, ಆಕ್ಟಿವ್ ಹೌದೋ ಅಲ್ಲವೋ, ಯಾವ ದಿನ ಅಪ್‌ಡೇಟ್ ಆಗಿದೆ, ಇಷ್ಟೇ. ಆ ಮೂರೂ ನೋಡಿಕೊಂಡು ಬಂದು ಇಲ್ಲಿ ಹೇಳಿ. ಬ್ಯಾಂಕ್ ಹೆಸರು ಬರೆಯುವುದು ಬೇಡ, ನಿಮ್ಮ ಪಾಸ್‌ಬುಕ್ಕಿನದೇ ಹೌದೋ ಅಲ್ಲವೋ ಹೇಳಿದರೆ ಸಾಕು. ಆಧಾರ್ ನಂಬರಂತೂ ಯಾವ ಕಾರಣಕ್ಕೂ ಇಲ್ಲಿ ಹಾಕಬೇಡಿ.

ಬಿಕಾಂ_ಎರಡನೇ_ವರ್ಷ:
ಸರ್, ನೋಡಿದೆ. ಬೇರೆ ಬ್ಯಾಂಕ್ ಇದೆ!! ಆಕ್ಟಿವ್ ಅಂತಲೇ ಇದೆ. ತಾರೀಖು ನೋಡಿದ ಮೇಲೆ ನೆನಪಾಯಿತು. ಫಸ್ಟ್ ಇಯರ್‌ನಲ್ಲಿ ಒಬ್ಬಳು ಫ್ರೆಂಡ್ ರೆಫರಲ್ ಲಿಂಕ್ ಕಳಿಸಿದ್ದಳು, ಇಬ್ಬರಿಗೂ ಕ್ಯಾಶ್‌ಬ್ಯಾಕ್ ಬರುತ್ತದೆ ಎಂದು ಫೋನಿನಲ್ಲೇ ಕೂತು ಖಾತೆ ತೆರೆದಿದ್ದೆ. ಬರೀ ಓಟಿಪಿ ಕೊಟ್ಟಿದ್ದು. ಆಮೇಲೆ ಫೋನ್ ಬದಲಾಯಿಸಿದೆ, ಆ ಆಪ್ ಮತ್ತೆ ಹಾಕಲೇ ಇಲ್ಲ. ಸೀಡ್ ಮಾಡಿ ಎಂದು ನಾನು ಯಾರಿಗೂ ಹೇಳಿಲ್ಲವಲ್ಲ ಸರ್?

ಡೆಸ್ಕ್_ಮೇಷ್ಟ್ರು:
ಹೇಳಿರುತ್ತೀರಿ, ಗೊತ್ತಾಗದೆ. "ಸರ್ಕಾರದ ಸಬ್ಸಿಡಿ, ಸೌಲಭ್ಯ ಈ ಖಾತೆಗೇ ಬರಲಿ, ಒಪ್ಪಿಗೆ ಇದೆ" ಎನ್ನುವ ಒಂದು ಸಾಲು, ಪಕ್ಕದಲ್ಲಿ ಟಿಕ್. ಕ್ಯಾಶ್‌ಬ್ಯಾಕ್ ಅವಸರದಲ್ಲಿ ಅದನ್ನು ಯಾರು ಓದುತ್ತಾರೆ, ಅಲ್ವಾ?

ಹಣ ಬಹುಶಃ ಆ ಖಾತೆಯಲ್ಲೇ ಕೂತಿದೆ. ಆದರೆ ಒಂದು ತೊಡಕು ಇರಬಹುದು. ಬರೀ ಓಟಿಪಿಯಿಂದ ತೆರೆದ ಖಾತೆಗೆ ಒಂದು ವರ್ಷದೊಳಗೆ ಪೂರ್ತಿ ಕೆವೈಸಿ ಆಗಬೇಕು ಎಂಬುದು ಆರ್‌ಬಿಐ ನಿಯಮ. ಆಗದಿದ್ದರೆ ಅದರಿಂದ ಹಣ ತೆಗೆಯಲು ಬಿಡದೇ ಇರಬಹುದು, ಬ್ಯಾಂಕ್ ಖಾತೆಯನ್ನೇ ಮುಚ್ಚಲೂಬಹುದು. ಆಧಾರ್, ಪ್ಯಾನ್ ಹಿಡಿದುಕೊಂಡು ಆ ಬ್ಯಾಂಕಿನ ಹತ್ತಿರದ ಶಾಖೆಗೆ ಹೋಗಿ, ಇಲ್ಲವೇ ಆಪ್‌ನಲ್ಲಿ ವಿಡಿಯೊ ಕೆವೈಸಿ ಇದ್ದರೆ ಅದನ್ನು ಮಾಡಿ. ಮೊದಲು ಹಣ ಈಚೆ ತನ್ನಿ. ಸಿಟ್ಟಿನಲ್ಲಿ ಖಾತೆ ಮುಚ್ಚಿಸಿಬಿಡಬೇಡಿ. ಖಾತೆ ಮುಚ್ಚಿ ಎನ್‌ಪಿಸಿಐ ಪಟ್ಟಿಯಲ್ಲಿ ಆ ಬ್ಯಾಂಕಿನ ಹೆಸರು ಮಾತ್ರ ಹಾಗೇ ಉಳಿದರೆ ಮುಂದಿನ ಕಂತು ವಾಪಸ್ ಹೋಗುತ್ತದೆ. ಆಮೇಲೆ ಇಲಾಖೆ ಮತ್ತೆ ಕಳಿಸುವವರೆಗೆ ಕಾಯಬೇಕು.

ಪಾಸ್‌ಬುಕ್ ಖಾತೆಗೇ ಬರಬೇಕು ಎಂದಾದರೆ ಪಾಸ್‌ಬುಕ್ಕಿನ ಬ್ಯಾಂಕಿನಲ್ಲಿ "ಆಧಾರ್ ಸೀಡಿಂಗ್ ಫಾರ್ಮ್, ಡಿಬಿಟಿಗೆ" (ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದಕ್ಕೆ) ಎಂದೇ ಕೇಳಿ. "ಲಿಂಕ್ ಮಾಡಿಕೊಡಿ" ಎಂದರೆ ಆಗಿದೆ ಎಂದು ಹೇಳಿ ಮತ್ತೆ ವಾಪಸ್ ಕಳಿಸುತ್ತಾರೆ. ಫಾರ್ಮಿನಲ್ಲಿ ಈಗ ಯಾವ ಬ್ಯಾಂಕಿನಲ್ಲಿ ಸೀಡ್ ಆಗಿದೆ ಎಂದು ಕೇಳಿರುತ್ತದೆ, ಅಲ್ಲಿ ಆ ಹೆಸರು ಬರೆಯಿರಿ, ಜೆರಾಕ್ಸ್‌ಗೆ ಸೀಲ್ ಹಾಕಿಸಿಕೊಳ್ಳಿ. ಕೆಲವು ದಿನ ಬಿಟ್ಟು ಮೈಆಧಾರ್‌ನಲ್ಲಿ ತಾರೀಖು ಬದಲಾಗಿದೆಯೇ ನೋಡಿ. ಅದು ಬದಲಾಗುವವರೆಗೆ ಕೆಲಸ ಆಗಿದೆ ಎಂದು ನಂಬಬೇಡಿ, ಯಾರು ಹೇಳಿದರೂ.

ಮಲೆನಾಡ್_ಹುಡುಗ:
ನಡುವೆ ಬಂದೆ, ಬೈಯಬೇಡಿ. ನಂದು ಬೇರೆ ತಲೆನೋವು. ಆಧಾರ್‌ನಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಹೆಸರು ಪೂರ್ತಿ ಇದೆ, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಬರೀ ಇನಿಷಿಯಲ್, ಅದೂ ಮುಂದೆ. ಹೆಸರು ತಾಳೆ ಆಗುತ್ತಿಲ್ಲ.

ಡೆಸ್ಕ್_ಮೇಷ್ಟ್ರು:
ನಮ್ಮ ಕಡೆಯ ಇನಿಷಿಯಲ್ ಕಂಪ್ಯೂಟರಿಗೆ ಯಾವತ್ತೂ ಅರ್ಥ ಆಗಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೆ ಆಧಾರ್ ತಿದ್ದಿಸಿ, ಅದೇ ಸುಲಭ. ಹೆಸರನ್ನು ಎರಡೇ ಸಲ ತಿದ್ದಬಹುದು, ಹಾಗಾಗಿ ಒಂದೊಂದು ಅಕ್ಷರ ನೋಡಿಕೊಂಡು ಕೊಡಿ. ಸಂಶಯ ಇದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ.

ಬಿಕಾಂ_ಎರಡನೇ_ವರ್ಷ:
ಸರ್, ಇನ್ನೆರಡು ಪ್ರಶ್ನೆ. ಈ ವರ್ಷ ಮತ್ತೆ ಹೊಸದಾಗಿ ಅರ್ಜಿ ಹಾಕಬೇಕಾ? ನನ್ನ ತಂಗಿ ಪಿಯುಸಿ ಮುಗಿಸಿದಳು, ಮಾರ್ಕ್ಸ್ ಚೆನ್ನಾಗಿದೆ. ಅವಳಿಗೆ ಎಸ್‌ಎಸ್‌ಪಿ ಬಿಟ್ಟು ಬೇರೆ ಏನಾದರೂ ಇದೆಯಾ?

ಡೆಸ್ಕ್_ಮೇಷ್ಟ್ರು:
ಪ್ರತಿ ವರ್ಷ ಹಾಕಲೇಬೇಕು. ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ, ಅದರ ಮೇಲಿರುವ ಆರ್‌ಡಿ ನಂಬರ್ (ಪ್ರಮಾಣಪತ್ರದ ಸಂಖ್ಯೆ) ಇನ್ನೂ ಚಾಲ್ತಿಯಲ್ಲಿದೆಯೇ ಮೊದಲು ನೋಡಿ. ಫೀ ರಸೀದಿ, ಮಾರ್ಕ್ಸ್ ಕಾರ್ಡ್ ಕಾಲೇಜಿನಲ್ಲಿ ಇ-ದೃಢೀಕರಣ ಮಾಡಿಸುವುದನ್ನು ಕೊನೆಯ ವಾರಕ್ಕೆ ಇಡಬೇಡಿ. ಆಗ ನನ್ನಂಥವರ ಮೇಜಿನ ಮುಂದೆ ನಿಲ್ಲಲೂ ಜಾಗ ಇರುವುದಿಲ್ಲ.

ತಂಗಿಯ ವಿಷಯಕ್ಕೆ ಈಗಲೇ ಓಡಿ, ಯಾಕೆಂದರೆ ಒಳ್ಳೆಯವೆಲ್ಲ ಡಿಗ್ರಿ ಮೊದಲ ವರ್ಷದಲ್ಲೇ ಹಾಕಬೇಕಾದವು. ಎನ್‌ಎಸ್‌ಪಿಯಲ್ಲಿ (ಕೇಂದ್ರ ಸರ್ಕಾರದ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್) ಸೆಂಟ್ರಲ್ ಸೆಕ್ಟರ್ ಸ್ಕೀಮ್ ಇದೆ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ರೂಪಾಯಿ ಒಳಗಿರಬೇಕು, ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ ಕೊಡುತ್ತಾರೆ. 80 ಪರ್ಸೆಂಟೈಲ್ ಕೇಳುತ್ತಾರೆ. ಅದನ್ನು 80 ಪರ್ಸೆಂಟ್ ಎಂದು ಓದಿಕೊಂಡು ಸುಮ್ನೆ ಬಿಟ್ಟವರನ್ನು ನೋಡಿದ್ದೇನೆ. ಅವಳ ಬೋರ್ಡಿನಲ್ಲಿ, ಅವಳ ವಿಭಾಗದಲ್ಲಿ ಪಾಸಾದ ನೂರು ಜನರಲ್ಲಿ ಮೇಲಿನ ಇಪ್ಪತ್ತರೊಳಗೆ ಇದ್ದರಾಯಿತು, ಅಂಕ ಎಷ್ಟೇ ಇರಲಿ. ಅದಕ್ಕೆ ಮೊದಲು ಓಟಿಆರ್ ನಂಬರ್ (ಒಂದೇ ಸಲ ಮಾಡಿಕೊಳ್ಳುವ ನೋಂದಣಿ) ಮಾಡಿಕೊಳ್ಳಬೇಕು, 14 ಅಂಕಿ, ಬರೆದಿಟ್ಟುಕೊಳ್ಳಿ. ಆದರೆ ಇದನ್ನು ತೆಗೆದುಕೊಂಡರೆ ಇನ್ನೊಂದು ಸ್ಕಾಲರ್‌ಶಿಪ್ ಜೊತೆಗೆ ಪಡೆಯುವಂತಿಲ್ಲ, ಎಸ್‌ಎಸ್‌ಪಿಯಲ್ಲಿ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ ಒಂದನ್ನು ಆರಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ್ದರೆ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 30,000 ರೂಪಾಯಿ, ಅದನ್ನೂ ನೋಡಿ. ಯಾರಾದರೂ "ಪ್ರೊಸೆಸಿಂಗ್ ಫೀ" ಕೇಳಿದರೆ ಫೋನ್ ಇಟ್ಟುಬಿಡಿ.

ಬಿಕಾಂ_ಎರಡನೇ_ವರ್ಷ:
ಸರ್, ಹಣ ಸಿಕ್ಕಿತು!! ನಿನ್ನೆ ಆ ಬ್ಯಾಂಕಿಗೆ ಹೋಗಿದ್ದೆ. ಸ್ಟೇಟ್‌ಮೆಂಟ್ ತೆಗೆದುಕೊಟ್ಟರು, ಎರಡೇ ಸಾಲು. ಒಂದು ಕ್ಯಾಶ್‌ಬ್ಯಾಕ್ 50 ರೂಪಾಯಿ, ಕೆಳಗೆ ಸ್ಕಾಲರ್‌ಶಿಪ್. ನೀವು ಹೇಳಿದ ಹಾಗೆ ಕೆವೈಸಿ ಆಗಿರಲಿಲ್ಲ, ಫಾರ್ಮ್ ತುಂಬಿ ಕೊಟ್ಟೆ. ಎಸ್ಎಂಎಸ್ ಯಾಕೆ ಬರಲಿಲ್ಲ ಎಂದರೆ ಆ ಖಾತೆಗೆ ಕೊಟ್ಟಿದ್ದು ಅಣ್ಣನ ನಂಬರ್, ಅವನು ಬ್ಯಾಂಕಿನ ಮೆಸೇಜ್ ಎಲ್ಲ ಓದದೇ ಅಳಿಸುತ್ತಾನಂತೆ. ಸೋಮವಾರ ಪಾಸ್‌ಬುಕ್ ಬ್ಯಾಂಕಿಗೆ ಸೀಡಿಂಗ್ ಫಾರ್ಮ್ ಕೊಡುತ್ತೇನೆ, ಜೆರಾಕ್ಸ್ ಎರಡು ಮಾಡಿಸಿಟ್ಟಿದ್ದೇನೆ.